ಬಿದ್ದರ ಎತ್ತೋರು ಯಾರು?

ಹಿಮಾಲಯನ್ 411 ತಗೊಳ್ಳಲೋ, ಎಕ್ಸ್‌ಪಲ್ಸ್ 200 ತಗೊಳ್ಳಲೋ ಅಂತ ಎಕ್ಸೆಲ್ ಶೀಟ್ ಮಾಡಿಕೊಂಡು ಕೂತಿದ್ದೆ. ಎರಡಕ್ಕೂ ಮುಂದಿನ ಗಾಲಿ 21 ಇಂಚು. ಬೆಂಗಳೂರಿಂದ ಹಾವೇರಿ ತನಕ ಹೆದ್ದಾರಿ 48, ಅಲ್ಲಿಂದ ಹಾನಗಲ್ ಕಡೆ ನಮ್ಮೂರು. ಹಿಮಾಲಯನ್ನೇ ಸರಿ ಅನ್ನಿಸಿತ್ತು.

ಫೋನಿನಾಗ ಅಪ್ಪ ಕೇಳಿದ್ದು ಒಂದೇ ಮಾತು: "ಮಳಿಗಾಲದಾಗ ಸವಣೂರ ಕಡೆ ಅಕ್ಕನ ಊರಿಗೆ ಎರಿ ದಾರ್ಯಾಗ ಹೊಂಟಾಗ ಬಿದ್ದರ, ಒಬ್ಬಾಂವ ಎತ್ತತೀಯೇನಪಾ?"

ಎರಿಮಣ್ಣು ಹಸಿಯಾದರೆ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಗಾಲಿನೇ ತಿರುಗಲ್ಲ. ಶೀಟಿನ ಕೊನೇ ಸಾಲು ನೋಡಿದೆ. ತೂಕ: ಒಂದು ಸುಮಾರು 200 ಕೆಜಿ, ಇನ್ನೊಂದು 155ರ ಆಸುಪಾಸು. ನಡುವಿನ ವ್ಯತ್ಯಾಸ ಒಂದು ಯೂರಿಯಾ ಚೀಲ. ಅಂಥಾ ಚೀಲ ಹೊತ್ತೇ ಅಪ್ಪ ನನ್ನ ಬಿಇ ಓದಿಸಿದ್ದು.

ಎಕ್ಸ್‌ಪಲ್ಸ್ ಕೊಂಡೆ. ಹೆದ್ದಾರಿಯಲ್ಲಿ ಲಾರಿ ದಾಟೋಕೆ ಪರದಾಡ್ತೀನಿ, ಖರೆ. ಆದರೆ ಹೋದ ಮಳೆಗಾಲ ಸವಣೂರಿನ ಹತ್ತಿರ ಬಿದ್ದೆ, ಒಬ್ಬನೇ ಎತ್ತಿದೆ.

ಅಪ್ಪಗ ಇನ್ನೂ ಹೇಳಿಲ್ಲ.