ಇನ್ನೂರು ಗಜದ ಗಾಳಿ

7 ಏಪ್ರಿಲ್ 2024, ಭಾನುವಾರ

ಬೆಳಿಗ್ಗೆ ಮೂಡಿಗೆರೆಯಿಂದ ಅಣ್ಣನ ಫೋನು. ಚುನಾವಣೆ ಬಂತೆಂದು ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದಿದ್ದಾನೆ. ರಸೀದಿ ಜೇಬಿನಲ್ಲಿ, ಮಂಗಗಳು ತೋಟದಲ್ಲಿ. "ನಿಮ್ಮಲ್ಲೂ ಈ ವರ್ಷ ಎಲೆಕ್ಷನ್ ಅಲ್ವೇನೆ, ನಿನ್ನ ಕೋವೀನೂ ಇಸ್ಕೋತಾರಾ?" ಅಂದ. ಇಲ್ಲ ಅಂದೆ. ಒಹಾಯೋದ ಅಂಗಡಿಯೊಂದರಲ್ಲಿ ಫಾರಂ ತುಂಬಿ ಕೊಟ್ಟಿದ್ದು, ಅವರು ನನ್ನ ಹಿನ್ನೆಲೆ ವಿಚಾರಿಸಿ ಅದೇ ದಿನ ರೈಫಲ್ ಕೈಗಿತ್ತು ಕಳಿಸಿದ್ದು, ಇದನ್ನೆಲ್ಲ ಅವನು ಇವತ್ತಿಗೂ ನಂಬುವುದಿಲ್ಲ. ಅಷ್ಟು ಸಲೀಸಾಗಿ ಸಿಗಬಾರದು ಅಂತಲೇ ನನ್ನ ಅಭಿಪ್ರಾಯ. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ.

ಅಣ್ಣನ ತಕರಾರೇ ಬೇರೆ. ಪಾಯಿಂಟ್ ಟೂಟೂ ಹಿಡಿದುಕೊಂಡು ಇನ್ನೂರು ಗಜಕ್ಕೆ ಈಡು ಹಾಕುವವರ ತಲೆ ನೆಟ್ಟಗಿಲ್ಲ ಎನ್ನುತ್ತಾನೆ. ಅವನ ಹನ್ನೆರಡು ಬೋರಿನ ತೋಟಾಕೋವಿಗೆ ನಲವತ್ತು ಗಜವೇ ದೂರ. ಅಪ್ಪನದು ಕೇಪಿನ ಕೋವಿ: ಮಸಿ ತುಂಬಿ, ಗಜ ಹಾಕಿ ಜಡಿದು, ಹೊರಗಡೆ ಕೇಪು ಕೂರಿಸಬೇಕು. ಅಣ್ಣನ ತೋಟೆಗೆ ಕೇಪು ತಳದ ನಟ್ಟನಡುವೆ. ನನ್ನ ತೋಟೆಗೆ ಕೇಪೇ ಇಲ್ಲ. ಸಿಡಿಯುವ ಮದ್ದನ್ನು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿಟ್ಟಿರುತ್ತಾರೆ. ಸೂಜಿ ಬಂದು ಅಂಚಿಗೇ ಬಡಿಯುತ್ತದೆ. ಹಾಗೆ ಬಡಿಸಿಕೊಳ್ಳಬೇಕಾದರೆ ತಗಡು ತೆಳ್ಳಗಿರಬೇಕು. ತಗಡು ತೆಳ್ಳಗಿದ್ದ ಮೇಲೆ ಒಳಗೆ ಹೆಚ್ಚು ಒತ್ತಡ ತಡೆಯುವುದಿಲ್ಲ. ಟೂಟೂ ಬಡಕಲಾಗಿರುವುದು ಇದರಿಂದಲೇ. ಅಮೆರಿಕದ ಸ್ಟೀವನ್ಸ್ ಕಂಪನಿ 1887ರಲ್ಲಿ ಹೊರತಂದ ತೋಟೆ, ಈಗಲೂ ಅದೇ ಅಳತೆ: 40 ಗ್ರೇನ್ ಸೀಸ, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ.

ಆ ಬಡಕಲುತನಕ್ಕೇ ನಾನು ಮರುಳಾದದ್ದು ಅಂದರೆ ಅಣ್ಣ ನಗುತ್ತಾನೆ. ನಾಳೆ ಖಗ್ರಾಸ ಗ್ರಹಣ, ನೆರಳು ಒಹಾಯೋದ ಮೇಲೆಯೇ ಹಾದುಹೋಗುತ್ತದಂತೆ. ರೇಂಜಿಗೆ ರಜೆ.

18 ಮೇ, ಶನಿವಾರ

ಇವತ್ತು ತೋಟೆ ಪರೀಕ್ಷೆ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬಣ್ಣದ ಡಬ್ಬಿ. ಲಾಟ್ ನಂಬರ್ ಮಾತ್ರ ಬೇರೆ ಬೇರೆ. ಒಂದು ಲಾಟು ನನ್ನ ನಳಿಗೆಯಲ್ಲಿ ನೂರು ಗಜಕ್ಕೆ ಐದು ಗುಂಡನ್ನೂ ಎಂಟಾಣೆ ಅಗಲದೊಳಗೆ ಕೂರಿಸಿತು. ಇನ್ನೊಂದು ಅಂಗೈಯಗಲ ಚೆಲ್ಲಾಡಿತು. ಪಕ್ಕದ ಬೆಂಚಿನ ಮುದುಕರು ಲೇತ್ ಕೆಲಸ ಮಾಡಿ ನಿವೃತ್ತರಾದವರು. ನಾನು ಚೆಲ್ಲಾಡಿಸಿದ ಅದೇ ಲಾಟಿನಿಂದ ಒಂದು ಡಬ್ಬಿ ಇಸಿದುಕೊಂಡು ತಮ್ಮ ರೈಫಲ್ಲಿಗೆ ಹಾಕಿದರು. ಅಲ್ಲಿ ಚೆಂದವಾಗಿ ಕೂತಿತು! ಇದಕ್ಕೆ ಯಾರ ಹತ್ತಿರವೂ ಪೂರ್ತಿ ವಿವರಣೆ ಇಲ್ಲ, ಇದೆ ಎನ್ನುವವರು ಏನೋ ಮಾರಲು ಬಂದಿರುತ್ತಾರೆ.

ದೊಡ್ಡ ರೈಫಲ್ಲಿನವರಿಗೆ ಈ ಪಾಡಿಲ್ಲ. ಅವರು ಮನೆಯಲ್ಲಿ ಕೂತು ಮದ್ದು ತೂಗಿ ತಮ್ಮ ತೋಟೆ ತಾವೇ ಕಟ್ಟಿಕೊಳ್ಳುತ್ತಾರೆ. ಅಂಚಿಗೆ ಬಡಿಸಿಕೊಳ್ಳುವ ನಮ್ಮ ರಿಮ್‌ಫೈರ್ ತೋಟೆಯನ್ನು ಮನೆಯಲ್ಲಿ ಕಟ್ಟಿಕೊಳ್ಳುವಂತಿಲ್ಲ, ಕಾರ್ಖಾನೆ ಕೊಟ್ಟದ್ದೇ ಪ್ರಸಾದ. ಬರ್ಮಿಂಗ್‌ಹ್ಯಾಮಿನಲ್ಲಿ ಎಲಿ, ಜರ್ಮನಿಯ ಶ್ಯೋನೆಬೆಕ್‌ನಲ್ಲಿ ಲಾಪುವಾ, ಪಂದ್ಯದವರೆಲ್ಲ ಈ ಎರಡು ಊರುಗಳ ಕಡೆಗೇ ಮುಖ ಮಾಡಿ ಕೂತಿರುತ್ತಾರೆ. ಲಾಪುವಾದವರದೊಂದು ಪರೀಕ್ಷಾ ಕೇಂದ್ರ ನಮ್ಮ ಒಹಾಯೋದ ಮರೆಂಗೊದಲ್ಲೇ ಇದೆ. ರೈಫಲ್ ಕೊಂಡೊಯ್ದರೆ ಅದನ್ನು ಬಿಗಿದು ನಿಲ್ಲಿಸಿ ಲಾಟಿನ ಮೇಲೆ ಲಾಟು ಹೊಡೆದು, ಯಾವುದು ಒಗ್ಗುತ್ತದೆ ಎಂದು ತೋರಿಸುತ್ತಾರೆ. ಒಗ್ಗಿದ್ದನ್ನು ಪೆಟ್ಟಿಗೆಗಟ್ಟಲೆ ಕೊಂಡು ಬರುವುದು.

ನೆನಪಿಗೆ: ಬ್ರಾಂಡ್ ಬದಲಿಸಿದ ಕೂಡಲೇ ತೀರ್ಪು ಕೊಡಬಾರದು. ಈ ಸೀಸದ ಮೈಗೆ ಮೇಣ ಸವರಿರುತ್ತದೆ. ಹಳೆಯ ಮೇಣ ಹೋಗಿ ಹೊಸದು ನಳಿಗೆಯುದ್ದಕ್ಕೂ ಹಿಡಿಯುವ ತನಕ ಗುಂಡುಗಳು ಹದಕ್ಕೆ ಬರುವುದಿಲ್ಲ. ಇನ್ನೊಂದು: ಐವತ್ತು ಗಜದ ಫಲಿತಾಂಶ ನಂಬಬಾರದು. ಎರಡು ಗುಂಡಿನ ವೇಗದಲ್ಲಿ ಸೆಕೆಂಡಿಗೆ 30 ಅಡಿ ವ್ಯತ್ಯಾಸವಿದ್ದರೂ ಐವತ್ತರಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇನ್ನೂರಕ್ಕೆ ಹೋಗುವಷ್ಟರಲ್ಲಿ ಒಂದು ಇನ್ನೊಂದಕ್ಕಿಂತ ನಾಲ್ಕು ಇಂಚು ಕೆಳಗೆ.

22 ಜೂನ್, ಶನಿವಾರ

ವಾರವೆಲ್ಲ ಉರಿ. ಮೈದಾನದ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಹೊಸಬರು ಗುರಿ ಅಲ್ಲಾಡುತ್ತದೆ ಎಂದು ಗೊಣಗಿ ಹತ್ತು ಗಂಟೆಗೆಲ್ಲ ಕಾರು ಹತ್ತಿದರು. ನನಗೆ ಇಂಥ ದಿನವೇ ಬೇಕು. ದೂರದರ್ಶಕದ ಫೋಕಸ್ಸನ್ನು ಗುರಿಗಿಂತ ಸ್ವಲ್ಪ ಈಚೆಗೆ ತಂದರೆ ಗಾಳಿಯೇ ಹರಿಯುವುದು ಕಾಣುತ್ತದೆ. ಅಲೆಗಳು ಎಡದಿಂದ ಬಲಕ್ಕೆ ಓಡುತ್ತಿದ್ದರೆ ಗಾಳಿ ಎಡದಿಂದ. ಓಟ ನಿಧಾನವಾಗಿ, ನಿಂತು, ಅಲೆಗಳು ನೇರ ಮೇಲಕ್ಕೆ ಕುದಿಯತೊಡಗಿದರೆ ಬೆರಳನ್ನು ಟ್ರಿಗರಿನಿಂದ ತೆಗೆದುಬಿಡಬೇಕು. ಗಾಳಿ ಬಿದ್ದಿದೆ ಎಂದು ಕಾಣುತ್ತದೆ, ನಿಜಕ್ಕೂ ದಿಕ್ಕು ಬದಲಿಸಲು ಹೊರಟಿರುತ್ತದೆ.

ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಈ ಗುಂಡನ್ನು ನೂರು ಗಜದಲ್ಲಿ ನಾಲ್ಕು ಇಂಚು ಸರಿಸುತ್ತದೆ. ಇನ್ನೂರರಲ್ಲಿ ಎಂಟು ಎಂದು ಲೆಕ್ಕ ಹಾಕಿದವನು ಕೆಟ್ಟ. ಅಲ್ಲಿ ಅದು ಒಂದಡಿಗೂ ಮಿಕ್ಕಿ. ಐವತ್ತು ಗಜಕ್ಕೆ ಸರಿಹೊಂದಿಸಿದ ರೈಫಲ್ ನೂರರಲ್ಲಿ ಸುಮಾರು ಏಳು ಇಂಚು, ಇನ್ನೂರರಲ್ಲಿ ಸುಮಾರು ನಾಲ್ಕಡಿ ಕೆಳಗೆ ಹೊಡೆಯುತ್ತದೆ. ಆದರೆ ಬೀಳುವುದಕ್ಕೆ ಒಂದು ನ್ಯಾಯವಿದೆ. ಒಮ್ಮೆ ಬರೆದಿಟ್ಟುಕೊಂಡು ಸ್ಕೋಪಿನ ಗುಂಡಿಯನ್ನು ಅಷ್ಟು ತಿರುಗಿಸಿದರೆ ಮುಗಿಯಿತು. ಗಾಳಿಗೆ ಅಂಥ ನ್ಯಾಯ ಇಲ್ಲ.

ಒಬ್ಬ ಯುವಕ 'ಹೈ ವೆಲಾಸಿಟಿ' ಡಬ್ಬಿ ತಂದಿದ್ದ. ಜೋರಾಗಿ ಹೋದರೆ ಗಾಳಿಗೆ ಸಿಗುವ ಹೊತ್ತು ಕಡಿಮೆ, ಆದ್ದರಿಂದ ಸರಿಯುವುದೂ ಕಡಿಮೆ ಎಂಬುದು ಅವನ ವಾದ. ಕೇಳಲು ಸೊಗಸು. ಆದರೆ ಗುಂಡು ಸರಿಯುವುದು ದಾರಿಯಲ್ಲಿ ಕಳೆದ ಹೊತ್ತಿನಿಂದಲ್ಲ, ದಾರಿಯಲ್ಲಿ ಕಳೆದುಕೊಂಡ ವೇಗದಿಂದ. ಸೆಕೆಂಡಿಗೆ 1,240 ಅಡಿಯಲ್ಲಿ ಹೊರಟದ್ದು ಶಬ್ದದ ವೇಗದ ಹೊಸ್ತಿಲಲ್ಲಿ ಗಾಳಿಯ ಹೊಡೆತ ತಿಂದು ಬಹಳ ಕಳೆದುಕೊಳ್ಳುತ್ತದೆ. 1,070ರಲ್ಲಿ ಹೊರಟ ಪಂದ್ಯದ ತೋಟೆ ಮೊದಲಿಂದಲೂ ಶಬ್ದಕ್ಕಿಂತ ಕೆಳಗೇ ಇದ್ದು ನಿಧಾನಕ್ಕೆ ಸೊರಗುತ್ತದೆ. ಎರಡನ್ನೂ ಹೊಡೆದು ನೋಡಿದ್ದಾಯಿತು. ಅವನ ವೇಗದ ಗುಂಡೇ ಹೆಚ್ಚು ಸರಿಯಿತು. ಮುದುಕರು ಮೀಸೆಯಲ್ಲೇ ನಕ್ಕರು.

1 ಆಗಸ್ಟ್, ಗುರುವಾರ

ಬೆಳಗಿನ ಜಾವ ಮೂರೂವರೆಗೆ ಅಲಾರಂ. ಇವರು ದಿಂಬನ್ನು ಕಿವಿಯ ಮೇಲೆ ಎಳೆದುಕೊಂಡರು. ಫ್ರಾನ್ಸಿನ ಶಾಟೊರೂದಲ್ಲಿ ಒಲಿಂಪಿಕ್ಕಿನ 50 ಮೀಟರ್ ಮೂರು ಭಂಗಿಗಳ ಫೈನಲ್. ನಮ್ಮ ಪಕ್ಕದ ಕೊಲ್ಹಾಪುರದ ಕಡೆಯ ಹುಡುಗ, ರೈಲ್ವೆಯಲ್ಲಿ ಕೆಲಸ, ಸ್ವಪ್ನಿಲ್ ಕುಸಾಳೆ. ಮಂಡಿಯೂರಿದಾಗ ಹಿಂದಿದ್ದ. ನಿಂತು ಹೊಡೆಯುವ ಸರದಿಯಲ್ಲಿ ಒಬ್ಬೊಬ್ಬರನ್ನೇ ದಾಟಿದ. 451.4 ಅಂಕ, ಕಂಚು. ಈ ಟೂಟೂ ರೈಫಲ್ಲಿನಲ್ಲಿ ಭಾರತಕ್ಕೆ ಇದೇ ಮೊದಲ ಒಲಿಂಪಿಕ್ ಪದಕ. 2012ರಲ್ಲಿ ಲಂಡನ್ನಿನಲ್ಲಿ ಜಯದೀಪ್ ಕರ್ಮಾಕರ್ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿ ಬರಿಗೈಲಿ ಬಂದದ್ದು ನೆನಪಾಯಿತು. ಆ ಸ್ಪರ್ಧೆಯನ್ನು ರಿಯೊ ಆದ ಮೇಲೆ ಒಲಿಂಪಿಕ್ಕಿನಿಂದ ತೆಗೆದೇ ಹಾಕಿದರು.

ಅವರ ಹತ್ತರ ವೃತ್ತ 10.4 ಮಿಲಿಮೀಟರು. ಗುಂಡಿನ ಅಗಲವೇ 5.6. ಕ್ಲಬ್ಬಿನಲ್ಲಿ ಕೆಲವರಿಗೆ ಅದು 'ಬರೀ ಐವತ್ತು ಮೀಟರ್'. ಜೋಲಿ ಪಟ್ಟಿಯೂ ಇಲ್ಲದೆ, ಕಾಲಿನ ಆಸರೆಯಿಲ್ಲದ ರೈಫಲ್ ಹಿಡಿದು, ನಿಂತುಕೊಂಡು ಆ ವೃತ್ತಕ್ಕೆ ಒಮ್ಮೆ ಹೊಡೆಯಲಿ. ನಾವು ಮರಳುಚೀಲ ಇಟ್ಟುಕೊಂಡು, ಬೈಪಾಡ್ ಊರಿ ಮಲಗಿ, ದೂರ ದೂರ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಮುನ್ನೂರು, ನಾನ್ನೂರು ಗಜಕ್ಕೆ ಟೂಟೂ ಹಾರಿಸಿ ಇಪ್ಪತ್ತರಲ್ಲಿ ಒಂದು ತಗುಲಿದ್ದನ್ನು ವಿಡಿಯೊ ಮಾಡುವವರ ಬಗ್ಗೆ ನನಗೆ ಗೌರವ ಕಡಿಮೆ. ಹತ್ತೊಂಬತ್ತು ಎಲ್ಲಿ ಹೋದವೆಂದು ಅವರು ಬರೆದಿಟ್ಟಿದ್ದರೆ ಮಾತು ಬೇರೆ.

14 ಸೆಪ್ಟೆಂಬರ್, ಶನಿವಾರ

ಕ್ಲಬ್ ಪಂದ್ಯ. ಐವತ್ತರಿಂದ ಇನ್ನೂರು ಗಜದವರೆಗೆ ಉಕ್ಕಿನ ತಟ್ಟೆಗಳು. ನನಗೆ ನಾಲ್ಕನೆಯ ಸ್ಥಾನ. ಮುದುಕರಿಗೆ ಎರಡನೆಯದು.

ಬರೆಯಬೇಕಾದದ್ದು ಜೋಳದ ವಿಷಯ. ರೇಂಜಿನ ಪಡುವಣ ಬದಿಗೆ ಮುಸುಕಿನ ಜೋಳದ ಹೊಲ. ಈಗ ಆಳೆತ್ತರ ಮೀರಿದೆ. ಬೆಂಚಿನಿಂದ ಸುಮಾರು ನೂರಿಪ್ಪತ್ತು ಗಜದವರೆಗೆ ಅದೇ ಗೋಡೆ. ಆಚೆಗೆ ಸೋಯಾ, ಮೊಣಕಾಲುದ್ದ. ಹಾಗಾಗಿ ಬೆಂಚಿನ ಬಳಿಯ ಬಾವುಟ ಸತ್ತುಬಿದ್ದಿರುತ್ತದೆ, ದೂರದ್ದು ಪಟಪಟ ಹೊಡೆದುಕೊಳ್ಳುತ್ತಿರುತ್ತದೆ. ಹೊರಗಿನಿಂದ ಬಂದವರು ದೂರದ ಬಾವುಟ ನೋಡಿ ಪೂರ್ತಿ ಗಾಳಿಗೆ ಲೆಕ್ಕ ಹಿಡಿದರು, ಗುಂಡುಗಳು ತಟ್ಟೆಯ ಪಡುವಣಕ್ಕೆ ಮಣ್ಣೆಬ್ಬಿಸಿದವು. ನಳಿಗೆಯ ಬಾಯಿಯ ಹತ್ತಿರ ಸಿಕ್ಕ ಗಾಳಿ ಗುಂಡಿನ ದಾರಿಯನ್ನೇ ಓರೆ ಮಾಡುತ್ತದೆ, ಆ ಓರೆ ಕೊನೆಯ ತನಕ ಬೆಳೆಯುತ್ತ ಹೋಗುತ್ತದೆ. ಗುರಿಯ ಹತ್ತಿರ ಸಿಕ್ಕ ಗಾಳಿಗೆ ಅಷ್ಟು ಕೆಲಸ ಮಾಡಲು ಜಾಗವೇ ಉಳಿದಿರುವುದಿಲ್ಲ. ಜೋಳ ನಿಂತಿರುವಷ್ಟು ದಿನ ನಮ್ಮ ಇನ್ನೂರು ಗಜ ಸುಲಭ.

ಇನ್ನೂರರ ತಟ್ಟೆಗೆ ಟ್ರಿಗರ್ ಒತ್ತಿದರೆ ಠಣ್ ಎನ್ನುವುದು ಕೇಳಲು ಒಂದು ಸೆಕೆಂಡಿಗೂ ಮೇಲೆ ಬೇಕು. ಅರ್ಧಕ್ಕಿಂತ ಹೆಚ್ಚು ಹೊತ್ತು ಗುಂಡಿನದು, ಉಳಿದದ್ದು ವಾಪಸು ಬರುವ ಸದ್ದಿನದು. ಹೊಡೆದ ಮೇಲೂ ಕೆನ್ನೆ ಎತ್ತದೆ ನೋಡುತ್ತ ಇರಬೇಕು. ಅಣ್ಣನಂತೆ ಈಡು ಹಾಕಿದ ತಕ್ಷಣ ತಲೆಯೆತ್ತಿ 'ಬಿತ್ತಾ?' ಅನ್ನುವಂತಿಲ್ಲ.

27 ಅಕ್ಟೋಬರ್, ಭಾನುವಾರ

ಜೋಳ ಕೊಯ್ದಾಯಿತು. ಗೋಡೆ ಹೋಯಿತು. ಸೆಪ್ಟೆಂಬರಿನಲ್ಲಿ ಬರೆದುಕೊಂಡ ಗಾಳಿಯ ಅಂಕಿಗಳು ಈಗ ಯಾವ ಉಪಯೋಗಕ್ಕೂ ಇಲ್ಲ. ಮೇಲಾಗಿ ಚಳಿ: ಮೇಣ ಗಟ್ಟಿಯಾಗಿ, ವೇಗ ಇಳಿದು, ಇನ್ನೂರರಲ್ಲಿ ಗುಂಡು ಮೊದಲಿಗಿಂತ ಕೆಳಗೆ. ತೋಟೆಯ ಡಬ್ಬಿಯನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ.

ಧಾರವಾಡದ ಹುಡುಗನೊಬ್ಬ ಜೊತೆಗೆ ಬಂದಿದ್ದ. ಬೇಸಿಗೆಯಿಂದಲೂ "ಅಕ್ಕಾರ, ನನಗೂ ಒಮ್ಮೆ ಹೊಡೀಲಿಕ್ಕೆ ಕೊಡ್ರಿ" ಎಂದು ಬೆನ್ನು ಹತ್ತಿದ್ದ. ಅವನದು ಎಚ್-1ಬಿ ವೀಸಾ. ಆ ವೀಸಾದವರು ಬಂದೂಕು ಮುಟ್ಟುವುದೂ ಇಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ, ಆದರೆ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಹುಟ್ಟಿದಾರಭ್ಯ ಮೊಟ್ಟೆ ಕೂಡ ತಿನ್ನದವನು ಅದಕ್ಕಾಗಿ ಬೇಟೆಯ ಪಾಠ ಓದಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದಾನೆ!

ಕೂತ ಕೂಡಲೇ ಫೋನಿನ ಆ್ಯಪ್ ತೆರೆದು ಇನ್ನೂರರ ಲೆಕ್ಕ ಹೇಳಿದ. ಮೊದಲು ಐವತ್ತರಲ್ಲಿ ಒಂದು ಡಬ್ಬಿ ಖಾಲಿ ಮಾಡು ಅಂದೆ. ಐವತ್ತು ತೋಟೆ. ಮುಖ ಬಾಡಿದರೂ ಮಾಡಿದ, ಕೊನೆಯ ಹತ್ತು ಒಪ್ಪವಾಗಿ ಕೂತವು. ಆಮೇಲೆ ಇನ್ನೂರು. ಆ್ಯಪ್ ಹೇಳಿದ ಎತ್ತರ ಸರಿಯಾಗಿಯೇ ಇತ್ತು. ಗಾಳಿಗೆ ಅದು ಕೇಳಿದ್ದು ಒಂದೇ ಸಂಖ್ಯೆ, ಬಯಲಲ್ಲಿ ಮೂರು ಬಾವುಟ ಮೂರು ಮಾತಾಡುತ್ತಿದ್ದವು. ಯಾವುದನ್ನ ಹಾಕ್ಲಿ ಅಂದ. ಹತ್ತಿರದ್ದು ಅಂದೆ. ಮೊದಲನೆಯದು ಮಣ್ಣಿಗೆ, ಎರಡನೆಯದೂ ಮಣ್ಣಿಗೆ, ಮೂರನೆಯದು ತಟ್ಟೆಯ ಅಂಚಿಗೆ. ಹುಡುಗ ತಲೆ ಎತ್ತಲಿಲ್ಲ. ಬೋಲ್ಟ್ ಎಳೆದು ಇನ್ನೊಂದು ತೋಟೆ ಹಾಕುತ್ತ, "ಅಕ್ಕಾರ, ನಡುವಿನ ಬಾವುಟ ತಿರುಗೇತಿ ನೋಡ್ರಿ" ಅಂದ.

ಮುಂದಿನ ವಾರ ಅವನಿಗೆ ಬೇರೆಯದೇ ನೋಟ್‌ಬುಕ್ ಕೊಡಿಸಬೇಕು. ನನ್ನದರಲ್ಲಿ ಗೀಚಿಟ್ಟಿದ್ದಾನೆ.