ಅಘನಾಶಿನಿಯ ಕಾಂಡ್ಲಾವನ

ಗೋಕರ್ಣಕ್ಕೆ ಹೋದ ಯಾತ್ರಿಕರಲ್ಲಿ ಕೆಲವರಾದರೂ ತದಡಿಯವರೆಗೆ ಬಂದು, ದೋಣಿಯೇರಿ ಅಘನಾಶಿನಿ ಹಳ್ಳಿಗೆ ದಾಟುವುದುಂಟು. ಶಿರಸಿಯ ಕಡೆಯ ಮಲೆಯಲ್ಲಿ ಹುಟ್ಟಿದ ಹೊಳೆಯು ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು ಇಲ್ಲಿ ಕಡಲನ್ನು ಸೇರುತ್ತದೆ. ಇಳಿತದ ಹೊತ್ತಿಗೆ ಅಳಿವೆಯ ಕೆಸರು ಬಯಲಾಗುತ್ತದೆ. ಬಳಚೆಂಬ ಚಿಪ್ಪುಜೀವಿಯನ್ನು ಆರಿಸಲು ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ದಂಡೆಯಲ್ಲಿ ಬೇರುಗಳನ್ನೇ ಊರುಗೋಲಾಗಿಸಿಕೊಂಡು ನಿಂತಿರುವುದು ಕಾಂಡ್ಲಾ ಮರ.

ಈ ಮರದ ಸಂಸಾರವೇ ವಿಚಿತ್ರ. ಬೀಜವು ತಾಯಿಮರದ ಮೇಲೆಯೇ ಮೊಳೆತು, ನುಗ್ಗೇಕಾಯಿಯಂತೆ ಜೋತಾಡಿ, ಬಲಿತ ಮೇಲೆ ಕಳಚಿಬಿದ್ದು ಕೆಸರಿನಲ್ಲಿ ಬೇರೂರುತ್ತದೆ. ಬೇರುಗಳ ಎಡೆಯಲ್ಲಿ ಮೀನು, ಸೀಗಡಿ, ಏಡಿಗಳ ಮರಿಗಳು ಬೆಳೆಯುತ್ತವೆ.

ಕಟ್ಟೆಯ ಒಳಗೆ ಗಜನಿ ಗದ್ದೆಗಳು. ಮಳೆಗಾಲದಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಮೀನು, ಸೀಗಡಿ. ಹಿಂದೆ ರೈತರು ಮಣ್ಣಿನ ಕಟ್ಟೆಯ ಕಾವಲಿಗೆ ಕಾಂಡ್ಲಾವನ್ನು ಬೆಳೆಯಗೊಡುತ್ತಿದ್ದರು. 1970ರ ದಶಕದಲ್ಲಿ ಕಲ್ಲಿನ ಕಟ್ಟೆಗಳು ಬಂದವು. ಮರದ ಕಾವಲಿಗೆ ಬೆಲೆ ಕುಗ್ಗಿತು. ಕಲ್ಲು ತೆರೆಯನ್ನು ತಡೆದೀತು. ಮೀನಿನ ಮರಿಗೆ ಆಸರೆಯಾಗಲಾರದು.

ಮುಂದೆ ಅರಣ್ಯ ಇಲಾಖೆಯೇ ಕಾಂಡ್ಲಾ ಸಸಿಗಳನ್ನು ನೆಡಿಸಿತು. ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಈ ಅಳಿವೆಯೂ ಸೇರಿದುದು 2024ರಲ್ಲಿ ಪ್ರಕಟವಾಯಿತು. ಸಂತೋಷದ ಸಂಗತಿಯೇ. ಆದರೆ ಕೆಸರು ಕಂಡಲ್ಲೆಲ್ಲ ನೆಡುವುದೂ ರಕ್ಷಣೆಯಲ್ಲ. ಬಳಚಿನ ಬಯಲು ಕಾಡಾದರೆ ಹೆಂಗಸರ ಬುಟ್ಟಿ ಬರಿದಾದೀತು. ಕಟ್ಟೆಯ ಹೊರಗಿನ ಮರವನ್ನು ಕಡಿದರೆ ಗದ್ದೆಗೆ ಕೇಡು. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಉಬ್ಬರವಿಳಿತಗಳೊಡನೆ ಬಾಳುವವರು ಬಲ್ಲರು. ಅವರನ್ನು ಕೇಳಿ ನೆಟ್ಟ ಗಿಡ ಉಳಿದೀತು. ಅದರೊಡನೆ ಅವರ ಮನೆಯ ಒಲೆಯೂ ಉರಿದೀತು.