ಕ್ಯಾಬಿನ್ ಬ್ಯಾಗಿನಲ್ಲಿ ಹತ್ತು ಸ್ಟ್ರಿಪ್ ಮಾತ್ರೆ

ಆನ್‌ಸೈಟ್ ಅಂತ ಗೊತ್ತಾದ ಕೂಡಲೇ ಟೀಮ್‌ನಲ್ಲಿ ಶುರುವಾಗೋದು ಊಟದ ಚರ್ಚೆ. ಚಟ್ನಿಪುಡಿ ಎಷ್ಟು, ರೆಡಿ ಉಪ್ಪಿಟ್ಟಿನ ಪ್ಯಾಕೆಟ್ ಎಷ್ಟು, ಪುಟ್ಟ ಕುಕ್ಕರ್ ಬೇಕಾ ಬೇಡವಾ. ಹೋದ ವರ್ಷ ಟೋಕಿಯೋದಲ್ಲಿ ಆರು ವಾರ ಕೆಲಸ ಅಂತಾದಾಗ ನಾನೂ ಆ ಚರ್ಚೆಗೆ ಸೇರಿಕೊಂಡೆ. ಆದರೆ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ದಿನಕ್ಕೆ ಎರಡು ಮಾತ್ರೆ, 42 ದಿನಕ್ಕೆ 84. ವಾಪಸ್ ಬರೋದು ತಡವಾದ್ರೆ ಅಂತ ಇನ್ನೊಂದು ವಾರದ್ದು 14. ಒಟ್ಟು 98, ಅಂದ್ರೆ ಹತ್ತು ಸ್ಟ್ರಿಪ್.

ನನಗೆ ಅಪಸ್ಮಾರ ಇದೆ. ಮನೆಯಲ್ಲಿ ಫಿಟ್ಸ್ ಅಂತಾರೆ, ಅದೂ ದನಿ ತಗ್ಗಿಸಿ. ಮೂರು ವರ್ಷದಿಂದ ಒಂದು ಸಲವೂ ಬಂದಿಲ್ಲ, ಮಾತ್ರೆ ಮಾತ್ರ ತಪ್ಪಿಸುವ ಹಾಗಿಲ್ಲ. "ಮದುವೆ ಆಗೋವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ" ಅನ್ನೋದು ಅಮ್ಮನ ಆಜ್ಞೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಇದ್ದವರ ಮದುವೆಗೆ ಇದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಪಾರ್ಲಿಮೆಂಟ್ ಒಪ್ಪಿದ್ದನ್ನು ನಮ್ಮ ಸೋದರತ್ತೆಯರು ಇನ್ನೂ ಒಪ್ಪಿಲ್ಲ, ಅಷ್ಟೇ. ಅಮ್ಮನನ್ನು ದೂರುವ ಮನಸ್ಸಿಲ್ಲ. ಈ ಬರಹಕ್ಕೆ ಹೆಸರು ಹಾಕಬೇಡಿ ಅಂತ ನಾನೂ ಕೇಳಿಕೊಂಡಿದ್ದೇನಲ್ಲ.

ಸರಿ, ಗುಟ್ಟು ಇರಲಿ. ಆದರೆ ಯಾರಿಂದ? ಟಿಕೆಟ್ ಬುಕ್ ಆದ ರಾತ್ರಿ ಕೂತು ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯ್ತು. ಸಹೋದ್ಯೋಗಿಗಳಿಂದ ಮುಚ್ಚಿಡಬಹುದು. ಕಸ್ಟಮ್ಸ್‌ನವರಿಂದ ಮುಚ್ಚಿಡಬಾರದು. ಅವರ ಮುಂದೆ ಎಲ್ಲವೂ ಕಾಗದದಲ್ಲಿ ಸರಿಯಾಗಿದ್ರೆ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತೆ, ಪಕ್ಕದಲ್ಲಿದ್ದವರಿಗೂ ಗೊತ್ತಾಗಲ್ಲ. ಅಲ್ಲಿ ಎಡವಟ್ಟಾದ್ರೆ ಇಡೀ ಟೀಮ್ ನನಗೋಸ್ಕರ ಕಾಯುತ್ತಾ ನಿಲ್ಲುತ್ತೆ, ಆಮೇಲೆ ಗುಟ್ಟು ಎಲ್ಲಿಂದ?

ಜಪಾನಿನಲ್ಲಿ ಡಾಕ್ಟರ್ ಬರೆದುಕೊಟ್ಟ ಸಾಮಾನ್ಯ ಔಷಧಿಯನ್ನು ಸ್ವಂತಕ್ಕೆ ಅಂತ ಒಂದು ತಿಂಗಳಿಗಾಗುವಷ್ಟು ತಗೊಂಡು ಹೋಗಬಹುದು. ಅದಕ್ಕಿಂತ ಹೆಚ್ಚಾದ್ರೆ ಹೊರಡುವ ಮುಂಚೆಯೇ 'ಯುನ್ಯೂ ಕಾಕುನಿನ್‌ಶೋ' ಅನ್ನೋ ಪ್ರಮಾಣಪತ್ರ ಪಡೆಯಬೇಕು. ನನ್ನದು ಆರು ವಾರ, ಹಾಗಾಗಿ ಬೇಕೇಬೇಕು. ಅರ್ಜಿ, ಔಷಧಿಯ ವಿವರ, ಡಾಕ್ಟರ್ ಚೀಟಿ, ಪ್ರಯಾಣದ ವಿವರ ಎಲ್ಲವನ್ನೂ ಕಳಿಸಿದೆ. ಕೊನೆಗೆ ಪ್ರಮಾಣಪತ್ರ ಪಿಡಿಎಫ್ ಆಗಿ ಬಂತು. ಆಫೀಸ್ ಮೇಲ್ ಐಡಿ ಬಿಟ್ಟು ಸ್ವಂತ ಮೇಲ್‌ನಿಂದಲೇ ಎಲ್ಲ ಮಾಡಿದ್ದು.

ನಿಜವಾಗಿ ಕಾಟ ಕೊಟ್ಟಿದ್ದು ನಮ್ಮ ಏರಿಯಾದ ಮೆಡಿಕಲ್ ಶಾಪ್. ಅಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡೋದೇ ವಾಡಿಕೆ. ಕತ್ತರಿಸಿದ ತುಂಡಿನಲ್ಲಿ ಹೆಸರು ಅರ್ಧ ಇರುತ್ತೆ, ಎಕ್ಸ್‌ಪೈರಿ ತಾರೀಖು ಇರೋದೇ ಇಲ್ಲ. ನನಗೆ ಹತ್ತೂ ಪೂರ್ತಿ ಸ್ಟ್ರಿಪ್ ಬೇಕಿತ್ತು, ಬಿಲ್‌ನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬೇಕಿತ್ತು. ಮೂರು ಅಂಗಡಿ ಅಲೆದೆ. ಡಾಕ್ಟರ್ ಹತ್ತಿರ ಚೀಟಿಯ ಜೊತೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡೆ. ಅದರಲ್ಲಿ ನಮ್ಮ ಬ್ರ್ಯಾಂಡ್ ಹೆಸರಿನ ಜೊತೆ ಲೆವೆಟಿರಸೆಟಮ್ ಅನ್ನೋ ಮೂಲ ಹೆಸರು ಇರಲೇಬೇಕು ಅಂದೆ. ನಮ್ಮ ಬ್ರ್ಯಾಂಡ್ ಅಲ್ಲಿ ಯಾರಿಗೂ ಗೊತ್ತಿರಲ್ಲ, ಮೂಲ ಹೆಸರು ಎಲ್ಲ ಕಡೆ ಒಂದೇ.

ಒಂದು ತಮಾಷೆ ಕೇಳಿ. ಇಷ್ಟು ಮುಚ್ಚಿಡುವ ನನ್ನ ಮಾತ್ರೆಯ ಬಗ್ಗೆ ಜಪಾನಿಗೆ ದೊಡ್ಡ ತಕರಾರಿಲ್ಲ. ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಶೀತದ ಮಾತ್ರೆಯನ್ನು ಮಾತ್ರ ಮುಂಚೆಯೇ ಅನುಮತಿ ಪಡೆಯದೆ ಅಲ್ಲಿಗೆ ಒಯ್ಯುವ ಹಾಗಿಲ್ಲ, ಚೀಟಿ ಇದ್ರೂ ಅಷ್ಟೇ. ಕೋಡೀನ್ ಇರುವ ಕೆಮ್ಮಿನ ಸಿರಪ್ ಬಗ್ಗೆಯೂ ಹಲವು ದೇಶಗಳು ಬಿಗಿ. "ನಂಗೇನೂ ಕಾಯಿಲೆ ಇಲ್ಲಪ್ಪ" ಅಂತ ಮನೆಯ ಔಷಧಿ ಡಬ್ಬಿಯನ್ನು ಹಾಗೇ ಸೂಟ್‌ಕೇಸಿಗೆ ಸುರಿದುಕೊಳ್ಳುವವರು ಸ್ವಲ್ಪ ನೋಡಿಕೊಂಡ್ರೆ ಒಳ್ಳೇದು.

ಇನ್ನು ಸಮಯ. ಬೆಂಗಳೂರಿನಲ್ಲಿ ನನ್ನದು ಬೆಳಿಗ್ಗೆ 8, ರಾತ್ರಿ 8. ಜಪಾನ್ ಮೂರೂವರೆ ಗಂಟೆ ಮುಂದೆ, ಅಂದ್ರೆ ಅಲ್ಲಿ 11.30. ಬೆಳಿಗ್ಗೆ ಹನ್ನೊಂದೂವರೆಗೆ ಕ್ಲೈಂಟ್ ಮೀಟಿಂಗಿನ ನಡುವೆ ಮಾತ್ರೆ ನುಂಗೋದು ಹೇಗೆ? ಹೊರಡುವ ಎರಡು ದಿನ ಮೊದಲಿಂದಲೇ ದಿನಕ್ಕೆ ಒಂದು ಗಂಟೆ ಮುಂಚೆ ತಗೊಳ್ಳುತ್ತಾ, ಅಲ್ಲಿ ಹೋದ ಮೇಲೂ ಹಾಗೇ ಮಾಡಿ ಬೆಳಿಗ್ಗೆ ಎಂಟಕ್ಕೆ ತರೋಣ ಅಂದ್ರು ಡಾಕ್ಟರ್. ಇದು ನನ್ನ ಮಾತ್ರೆಗೆ ನನ್ನ ಡಾಕ್ಟರ್ ಹಾಕಿದ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಹಾಕಬೇಕು. ಮಾತ್ರೆಗಿಂತ ಅವರಿಗೆ ಚಿಂತೆ ಇದ್ದದ್ದು ನಿದ್ದೆಯದ್ದು. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಅದಕ್ಕೇ ಶುಕ್ರವಾರ ಹೊರಟು, ಸೋಮವಾರ ಕೆಲಸ ಶುರುವಾಗೋ ಮೊದಲು ಎರಡು ರಾತ್ರಿ ಸಿಗುವ ಹಾಗೆ ಟಿಕೆಟ್ ಹಿಡಿದೆ.

ಮಾತ್ರೆಗಳನ್ನು ಇಟ್ಟಿದ್ದು ಕ್ಯಾಬಿನ್ ಬ್ಯಾಗಿನಲ್ಲಿ, ಸ್ಯಾನಿಟರಿ ಪ್ಯಾಡಿನ ಪೌಚ್‌ನಲ್ಲಿ. ಅದನ್ನು ತೆಗೆದು ನೋಡುವ ಕುತೂಹಲ ಯಾವ ಗಂಡಸು ಸಹೋದ್ಯೋಗಿಗೂ ಇರಲ್ಲ. ಕಾಗದಗಳು ಮೇಲಿನ ಜಿಪ್‌ನಲ್ಲಿ. ನರಿಟಾದಲ್ಲಿ "ನೀವು ಹೋಗ್ತಾ ಇರಿ, ಬಂದೆ" ಅಂತ ಹೇಳಿ ಬೇರೆ ಸಾಲಿಗೆ ನಿಂತೆ. ಅಧಿಕಾರಿ ಪ್ರಮಾಣಪತ್ರ ನೋಡಿದ್ರು, ಸ್ಟ್ರಿಪ್ ನೋಡಿದ್ರು, ತಲೆ ಬಾಗಿಸಿ ಕಳಿಸಿಕೊಟ್ರು.

ಕ್ಲೈಂಟ್ ಪಾರ್ಟಿಗಳೂ ಕಷ್ಟವಾಗಲಿಲ್ಲ. ಸಸ್ಯಾಹಾರಿ ಅಂದ ಕೂಡಲೇ ಕುಡಿಯೋದೂ ಇಲ್ಲ ಅಂತ ಅವರೇ ತೀರ್ಮಾನಿಸಿಬಿಟ್ಟರು, ನನ್ನ ಕೈಗೆ ಊಲಾಂಗ್ ಟೀ ಬಂತು.

ಇಷ್ಟೆಲ್ಲ ಆದ ಮೇಲೂ ಒಂದು ಉಳಿದಿತ್ತು. ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆ ಇದ್ದವಳು ಹುಬ್ಬಳ್ಳಿ ಹುಡುಗಿ. ರಾತ್ರಿ ನನಗೇನಾದ್ರೂ ಆದ್ರೆ ನೋಡುವವಳು ಅವಳೊಬ್ಬಳೇ. ಏನೂ ಗೊತ್ತಿಲ್ಲದೆ ನೋಡಿದ್ರೆ ಗಾಬರಿಯಲ್ಲಿ ಕೈಗೆ ಕೀ ಗೊಂಚಲು ತುರುಕಬಹುದು, ಬಾಯಿಗೆ ಚಮಚ ಇಡಬಹುದು. ನಮ್ಮೂರಲ್ಲಿ ನನಗೆ ಎರಡೂ ಆಗಿದೆ. ಅವಳಿಗೆ ಹೇಳಿದ್ರೆ ಸುದ್ದಿ ಟೀಮ್‌ಗೆ ಹೋಗಬಹುದು, ಅಲ್ಲಿಂದ ಅಪ್ರೈಸಲ್‌ಗೆ, ಇನ್ನೂ ಎಲ್ಲೆಲ್ಲಿಗೋ. ಎರಡು ದಿನ ತೂಗಿ ನೋಡಿ, ಭಾನುವಾರ ರಾತ್ರಿ ಹೇಳಿದೆ. ಬಂದ್ರೆ ಪಕ್ಕಕ್ಕೆ ಮಲಗಿಸು, ಹಿಡಿದು ಒತ್ತಬೇಡ, ಬಾಯಿಗೆ ಏನೂ ಹಾಕಬೇಡ, ಗಡಿಯಾರ ನೋಡು, ಐದು ನಿಮಿಷ ದಾಟಿದ್ರೆ 119ಕ್ಕೆ ಫೋನ್ ಮಾಡು.

ಅವಳು ಪೂರ್ತಿ ಕೇಳಿಸಿಕೊಂಡಳು. "ನಮ್ಮ ಕಾಕಾನ ಮಗಗೂ ಐತಿ. ಅದಕ್ಕ ಇಷ್ಟ್ಯಾಕ ಹೆದರತಿ? ಗುಳಿಗಿ ತಗೊಂಡಿಯಿಲ್ಲೋ?" ಅಂದು ಅನ್ನಕ್ಕೆ ನೀರಿಟ್ಟಳು. ಆರು ವಾರವೂ ಅವಳ ಬಾಯಿಂದ ಅದು ಹೊರಗೆ ಹೋಗಲಿಲ್ಲ.

ಟೋಕಿಯೋ ರೈಲುಗಳಲ್ಲಿ ಕೆಲವರ ಬ್ಯಾಗಿಗೆ ಒಂದು ಕೆಂಪು ಪಟ್ಟಿ ನೇತಾಡುತ್ತಿರುತ್ತೆ, ಅದರ ಮೇಲೆ ಬಿಳಿ ಪ್ಲಸ್ ಗುರುತು ಮತ್ತು ಹೃದಯ. ಹೆಲ್ಪ್ ಮಾರ್ಕ್ ಅಂತ ಹೆಸರು, 2012ರಲ್ಲಿ ಟೋಕಿಯೋ ಆಡಳಿತವೇ ಶುರು ಮಾಡಿದ್ದು. ಹೊರಗೆ ಕಾಣದ ತೊಂದರೆ ಇದೆ, ಸಹಾಯ ಬೇಕಾಗಬಹುದು ಅಂತ ಅರ್ಥ. ಯಾವ ಕಾಯಿಲೆ ಅಂತ ಅದು ಹೇಳಲ್ಲ, ಯಾರೂ ಕೇಳಲ್ಲ. ಮೊದಲ ಸಲ ನೋಡಿದಾಗ ನಾನು ಇಳಿಯಬೇಕಾದ ಸ್ಟೇಷನ್ ಬರೋವರೆಗೂ ಅದನ್ನೇ ನೋಡುತ್ತಾ ನಿಂತಿದ್ದೆ.

ಮುಂದಿನ ತಿಂಗಳು ಎರಡು ವಾರ ಸಿಂಗಾಪುರ. ಅಲ್ಲಿನ ನಿಯಮಗಳನ್ನು ಮೊನ್ನೆಯಿಂದ ಓದುತ್ತಿದ್ದೇನೆ. ಈ ಸಲ ಜೊತೆಗೆ ಬರುವವರು ಬೇರೆ. ಅವರಲ್ಲಿ ಯಾರಿಗೆ ಹೇಳಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ.